ಡ್ರಮ್ ಫಿಲ್ಟರ್ ಸುಮ್ನೆ ಓಡ್ತಾನೇ ಇದೆ, ನೀರು ಮಾತ್ರ ಕದಡು

ಪಾಂಡವಪುರ_ತೊಟ್ಟಿ: ಮೀನು ತೊಟ್ಟಿ ನೀರು ಸೋಸೋ ಡ್ರಮ್ ಫಿಲ್ಟರ್ (ಜಾಲರಿ ಸುತ್ತಿದ, ತಿರುಗೋ ಡ್ರಮ್) ಮೂರು ದಿನದಿಂದ ತಲೆ ಕೆಡಿಸಿದೆ. ಎರಡು ನಿಮಿಷಕ್ಕೊಮ್ಮೆ ಬ್ಯಾಕ್‌ವಾಶ್ (ಸ್ಪ್ರೇ ನೀರಲ್ಲಿ ಜಾಲರಿ ತೊಳೆಯೋದು) ಆಗುತ್ತಿದೆ. ಆದರೂ ತೊಟ್ಟಿ ನೀರು ಬ್ಲ್ಯಾಕ್ ಟೀ ಥರ. ಜಾಲರಿ 60 ಮೈಕ್ರಾನ್, ಎಲ್ಲೂ ಹರಿದಿಲ್ಲ. ಮಾರಿದವರು ಫೋನ್ ಎತ್ತುತ್ತಿಲ್ಲ.

ಕೆರೆಏರಿ: ಫೀಡ್‌ನಲ್ಲಿ ಪುಡಿ ಜಾಸ್ತಿ. ಬದಲಿಸಿ.

ಪಾಂಡವಪುರ_ತೊಟ್ಟಿ: ತಿಲಾಪಿಯಾ ಬಿಟ್ಟ ದಿನದಿಂದ ಅದೇ ಫೀಡ್ ಸಾರ್.

ಕೆರೆಏರಿ: ಫೀಡ್ ಅದೇ, ಚೀಲ ಬೇರೆ ಅಲ್ವಾ? ಜರಡಿ ಹಿಡಿದು ನೋಡಿ.

ಮದ್ದೂರು_ಮೀನು: ಜಾಲರಿ ಕಟ್ಟಿಕೊಂಡರೆ ಡ್ರಮ್ ಒಳಗೆ ನೀರು ಏರುತ್ತದೆ, ನೀರಿನ ಮಟ್ಟ ನೋಡೋ ಫ್ಲೋಟ್ ಸ್ವಿಚ್ ಬ್ಯಾಕ್‌ವಾಶ್ ಶುರು ಮಾಡುತ್ತದೆ. ಪದೇ ಪದೇ ಓಡುತ್ತಿದ್ದರೆ ಜಾಲರಿ ಸರಿಯಾಗಿ ತೊಳೆಯುತ್ತಿಲ್ಲ ಅಂತ. ಸ್ಪ್ರೇಗೆ ಯಾವ ನೀರು?

ಪಾಂಡವಪುರ_ತೊಟ್ಟಿ: ಬೋರ್ ನೀರು, ಮತ್ತಿನ್ನೇನು?

ಮದ್ದೂರು_ಮೀನು: ಗಡಸು ನೀರಾದರೆ ಬಕೆಟ್ಟಿಗೆ ಬಿಳಿ ಕಟ್ಟುತ್ತಲ್ಲ, ಅದೇ ನಾಝಲ್ ತೂತಿಗೂ ಕಟ್ಟುತ್ತದೆ. ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ.

ಅಂಗಳದ_ಕೊಳ: ವಿನೆಗರ್ ಯಾಕೆ? ಬಾತ್‌ರೂಮ್ ಆಸಿಡ್ ಸುರಿದರೆ ಹತ್ತು ನಿಮಿಷ.

ಮದ್ದೂರು_ಮೀನು: ಡ್ರಮ್‌ನಲ್ಲೇ ಸುರಿದರೆ ತೊಟ್ಟಿಗೆ ಇಳಿಯುತ್ತೆ. ಪಿಎಚ್ ಕುಸಿದು ಮೀನು ತೇಲಿದರೆ ನೀವು ಬಂದು ಎತ್ತುತ್ತೀರಾ?

ಅಂಗಳದ_ಕೊಳ: ನನ್ನದು ಮರಳು ಫಿಲ್ಟರ್. ಎರಡು ವರ್ಷ ಆಯ್ತು, ತಳದ ನಾಣ್ಯ ಎಣಿಸಬಹುದು.

ಮದ್ದೂರು_ಮೀನು: ನಿಮ್ಮದು ಹತ್ತು ಬಣ್ಣದ ಮೀನು. ಫಾರ್ಮ್ ಹೊಲಸಿಗೆ ಆ ಮರಳು ಎಷ್ಟು ಹೊತ್ತು ತಡೆಯುತ್ತೆ?

ಪಾಂಡವಪುರ_ತೊಟ್ಟಿ: ಎಂಟು ನಾಝಲ್‌ನಲ್ಲಿ ಐದು ಮುಚ್ಚಿದ್ದವು! ಈಗ ಕಾಲು ಗಂಟೆಗೊಮ್ಮೆ ಓಡುತ್ತಿದೆ. ಆದರೆ ನೀರು ಇನ್ನೂ ತಿಳಿಯಾಗಿಲ್ಲ. ಮೋಟಾರ್ ಜೋರಾಗೇ ಡ್ರಮ್‌ಗೆ ತಳ್ಳುತ್ತಿದೆ.

ಮದ್ದೂರು_ಮೀನು: ತಡೀರಿ. ಮೋಟಾರ್ ಡ್ರಮ್‌ಗಿಂತ ಮುಂಚೆ ಇದೆಯಾ?

ಪಾಂಡವಪುರ_ತೊಟ್ಟಿ: ಹೌದು. ಎಲ್ಲರದೂ ಹಾಗೇ ಅಲ್ವಾ?

ಮದ್ದೂರು_ಮೀನು: ಇದನ್ನು ಮೊದಲೇ ಹೇಳಬಾರದಾ! ಮೀನಿನ ಹಿಕ್ಕೆಯನ್ನು ಮೋಟಾರ್ ಪಂಪಿನ ಇಂಪೆಲರ್ (ಒಳಗೆ ತಿರುಗೋ ರೆಕ್ಕೆ) ಮಿಕ್ಸಿ ಥರ ನುರಿಸುತ್ತಿದೆ. ಆ ನುಣ್ಣನೆ ಪುಡಿ 60 ಮೈಕ್ರಾನ್ ತೂತಲ್ಲಿ ಆರಾಮಾಗಿ ನುಸುಳುತ್ತೆ. ತೊಟ್ಟಿಯಿಂದ ಡ್ರಮ್‌ಗೆ ನೀರು ತಾನಾಗೇ ಹರಿದು ಬರಬೇಕು. ಮೋಟಾರ್ ಡ್ರಮ್ ಆದಮೇಲೆ. ಡ್ರಮ್ ಕೆಳಗಿಳಿಸಿ, ಗುಂಡಿ ತೋಡಬೇಕಾಗುತ್ತೆ.

ಪಾಂಡವಪುರ_ತೊಟ್ಟಿ: ನೆಲಕ್ಕೆ ಕಾಂಕ್ರೀಟ್ ಹಾಕಿ ಆಗಿದೆ. ಪಕ್ಕದಲ್ಲೇ ನಾಲೆ, ನೀರು ಬಿಟ್ಟಾಗ ಎರಡಡಿ ತೋಡಿದರೂ ಒಸರುತ್ತೆ. ಗುಂಡಿ ಇಲ್ಲದೆ ದಾರಿ ಇಲ್ವಾ?

ಕೆರೆಏರಿ: ಫೀಡ್ ಜರಡಿ ಹಿಡಿದಿರಾ?