ಇಳಿಯುವಾಗ ಎಷ್ಟು ವೇಗ?

ದೊಡ್ಡಪ್ಪ: (ಫಾರ್ವರ್ಡ್) ಹಳೇ ಕಾರು ಒಂದು ಮೈಲಿ ಗುಡ್ಡ ಹತ್ತಿ, ಒಂದು ಮೈಲಿ ಇಳಿಯಬೇಕು. ಹತ್ತುವಾಗ ವೇಗ ಗಂಟೆಗೆ 15 ಮೈಲಿ. ಒಟ್ಟು ಸರಾಸರಿ 30 ಬರಬೇಕಾದರೆ ಇಳಿಯುವಾಗ ಎಷ್ಟು ವೇಗ ಬೇಕು?

ದೊಡ್ಡಪ್ಪ: 45. ಹದಿನೈದಕ್ಕೆ ಕೂಡಿಸಿದರೆ 60, ಅದರಲ್ಲಿ ಅರ್ಧ 30. ಬಾಯಿಲೆಕ್ಕ ಇದು.

ಅತ್ತೆ: ನನಗೂ 45 ಬಂತು 👍

ನಾನು: ಇಲ್ಲ ದೊಡ್ಡಪ್ಪ. ಎಷ್ಟೇ ಜೋರಾಗಿ ಇಳಿದರೂ 30 ಬರುವುದಿಲ್ಲ.

ದೊಡ್ಡಪ್ಪ: ಅದು ಹೇಗಮ್ಮ? ಉತ್ತರವೇ ಇಲ್ಲದ ಲೆಕ್ಕ ಯಾರಾದರೂ ಕೊಡುತ್ತಾರಾ?

ನಾನು: ವೇಗ ಪಕ್ಕಕ್ಕಿಡಿ, ಮೊದಲು ಸಮಯ ನೋಡಿ. ಗಂಟೆಗೆ 15 ಮೈಲಿ ಅಂದರೆ ಒಂದು ಮೈಲಿಗೆ 4 ನಿಮಿಷ. ಹತ್ತುವುದಕ್ಕೇ ಅಷ್ಟು ಹೋಯಿತು. ಗಂಟೆಗೆ 30ರ ಲೆಕ್ಕದಲ್ಲಿ ಎರಡು ಮೈಲಿಗೆ ಒಟ್ಟು ಎಷ್ಟು ನಿಮಿಷ?

ಭಾವ: 4. ಅಯ್ಯೋ, ಇಳಿಯೋಕೆ ಸಮಯವೇ ಉಳಿಯಲಿಲ್ಲ!

ದೊಡ್ಡಪ್ಪ: ಹಾಗಾದರೆ 45ರಲ್ಲಿ ಇಳಿದರೆ ಎಷ್ಟು ಬರುತ್ತದೆ? ಲೆಕ್ಕ ಹಾಕಿ ತೋರಿಸು, ಸುಮ್ನೆ ಮಾತು ಬೇಡ.

ನಾನು: ಇಳಿಯಲು 1 ನಿಮಿಷ 20 ಸೆಕೆಂಡ್. ಒಟ್ಟು 5 ನಿಮಿಷ 20 ಸೆಕೆಂಡ್. ಸರಾಸರಿ 22.5. 90ರಲ್ಲಿ ಇಳಿದರೂ 26 ಮುಟ್ಟುವುದಿಲ್ಲ.

ಅತ್ತೆ: ಸರಾಸರಿ ಅಂದರೆ ಕೂಡಿಸಿ ಭಾಗಿಸೋದೇ ಅಲ್ವಾ?

ನಾನು: ಎರಡು ವೇಗದಲ್ಲೂ ಅಷ್ಟಷ್ಟೇ ಹೊತ್ತು ಓಡಿದರೆ ಸರಿ ಅತ್ತೆ. 15ರಲ್ಲಿ 4 ನಿಮಿಷ ಓಡಿದರೆ 1 ಮೈಲಿ, 45ರಲ್ಲಿ 4 ನಿಮಿಷ ಓಡಿದರೆ 3 ಮೈಲಿ. 8 ನಿಮಿಷಕ್ಕೆ 4 ಮೈಲಿ, ಸರಿಯಾಗಿ 30. ಇಳಿಜಾರು 3 ಮೈಲಿ ಇದ್ದಿದ್ದರೆ ದೊಡ್ಡಪ್ಪ ಹೇಳಿದ್ದೇ ಉತ್ತರ. ಇಲ್ಲಿ ಸಮ ಇರುವುದು ದೂರ, ಸಮಯ ಅಲ್ಲ.

ಭಾವ: ಸಮೀಕರಣ ಬರೆದೆ. 1/15 + 1/ಎಕ್ಸ್ = 2/30. ಬಲಗಡೆಯದೂ 1/15 ತಾನೇ? ಕಳೆದರೆ 1/ಎಕ್ಸ್ = 0. ಅಂಥ ಸಂಖ್ಯೆಯೇ ಇಲ್ಲ.

ದೊಡ್ಡಪ್ಪ: ಒಪ್ಪಿದೆ. ಆದರೂ ಇದು ದಾರಿ ತಪ್ಪಿಸುವ ಪ್ರಶ್ನೆ. ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಹೆದರಿಬಿಡುತ್ತಾರೆ.

ನಾನು: ಪರೀಕ್ಷೆಗೆ ನಾನೂ ಬೇಡ ಅನ್ನುತ್ತೇನೆ. ಮನೆಯಲ್ಲಿ ಕೂತು ಮಾಡಲಿ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ 1934ರಲ್ಲಿ ಇದನ್ನೇ ಐನ್‌ಸ್ಟೈನ್‌ಗೆ ಬರೆದು ಕಳಿಸಿದ್ದರು. ಇಳಿಯಲು ಸಮಯ ಉಳಿದಿಲ್ಲ ಅಂತ ಲೆಕ್ಕ ಹಾಕಿದ ಮೇಲೇ ಅವರಿಗೂ ಗೊತ್ತಾಗಿದ್ದು. ತಪ್ಪಿದವರು ನಾಚಿಕೆಪಡಬೇಕಾಗಿಲ್ಲ.

ಅತ್ತೆ: ಮಗ ಪಕ್ಕದಲ್ಲೇ ಇದ್ದಾನೆ. ಸೂತ್ರ ಬಾಯಿಪಾಠ ಇದೆ, ಎಲ್ಲಿ ಹಾಕೋದು ಅಂತ ಗೊತ್ತಾಗಲ್ಲ ಅನ್ನುತ್ತಾನೆ.

ನಾನು: ಹಾಳೆಯಲ್ಲಿ ಮೂರು ಕಾಲಂ ಎಳೆಯಲಿ: ದೂರ, ವೇಗ, ಸಮಯ. ಹತ್ತುವುದಕ್ಕೆ ಒಂದು ಸಾಲು, ಇಳಿಯುವುದಕ್ಕೆ ಒಂದು, ಒಟ್ಟು ಒಂದು. ದೂರವನ್ನು ಕೂಡಿಸಬಹುದು, ಸಮಯವನ್ನೂ ಕೂಡಿಸಬಹುದು. ವೇಗದ ಕಾಲಂ ಮಾತ್ರ ಕೂಡಿಸಲೇಬಾರದು. ತಪ್ಪು ಜಾಸ್ತಿ ಆಗೋದು ಅಲ್ಲೇ.

ದೊಡ್ಡಪ್ಪ: ನಾನೂ ಎಳೆದೆ. ಸಮಯದ ಕೆಳಗೆ 4, ಖಾಲಿ, ಒಟ್ಟು 4. ಆ ಖಾಲಿ ಮನೆಯಲ್ಲಿ ಸೊನ್ನೆ ಬಿಟ್ಟು ಬೇರೇನೂ ಕೂರುವುದಿಲ್ಲ.

ಅತ್ತೆ: ಹತ್ತುವಾಗ 20 ಇದ್ದಿದ್ದರೆ ಅಂತ ಇವನು ಕೇಳುತ್ತಿದ್ದಾನೆ.

ನಾನು: ಅವನೇ ಹೇಳಲಿ.

ಅತ್ತೆ: 60 ಅಂತೆ. 3 ನಿಮಿಷ ಹೋಯಿತು, 1 ನಿಮಿಷ ಉಳಿಯಿತು ಅಂದ.