ಮಲ ಕಸಿಯಿಂದ ಕೋವಿಡ್ ಅಂಟುತ್ತದೆಯೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಮ್ಮನಿಗೆ 68 ವರ್ಷ. ನ್ಯುಮೋನಿಯಾಕ್ಕೆ ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಭೇದಿ ಹಿಡಿಯಿತು, ಸಿ. ಡಿಫ್ ಅನ್ನುವ ಬ್ಯಾಕ್ಟೀರಿಯಾದಿಂದ ಕರುಳಿನ ಸೋಂಕು ಅಂದರು. ಅದಕ್ಕೆ ಕೊಟ್ಟ ಆಂಟಿಬಯೋಟಿಕ್ ವ್ಯಾಂಕೊಮೈಸಿನ್ ನುಂಗುವಷ್ಟು ದಿನ ನಿಲ್ಲುತ್ತದೆ, ಬಿಟ್ಟ ಹತ್ತು ದಿನಕ್ಕೆ ಮತ್ತೆ ಶುರು. ಇದು ಮೂರನೇ ಸಲ. ಈಗ ಮಲ ಕಸಿ, ಅಂದರೆ ಆರೋಗ್ಯವಂತ ದಾನಿಯ ಮಲವನ್ನು ಅಮ್ಮನ ಕರುಳಿಗೆ ಸೇರಿಸುವ ಚಿಕಿತ್ಸೆ, ಮಾಡೋಣ ಅನ್ನುತ್ತಿದ್ದಾರೆ. ಮೂಗು ಮುಚ್ಚಿಕೊಂಡೇ ಒಪ್ಪಿದ್ದೆವು! ಆದರೆ ಕೋವಿಡ್ ವೈರಸ್ ಮಲದಲ್ಲೂ ಇರುತ್ತದಂತಲ್ಲ?

ಉತ್ತರ: ಇರುತ್ತದೆ. ಬಹುಪಾಲು ಸಿಗುವುದು ವೈರಸ್ಸಿನ ವಂಶವಾಹಿ ವಸ್ತುವಾದ ಆರ್‌ಎನ್‌ಎ ಚೂರುಗಳು. ಕೆಲವರ ಮಲದಲ್ಲಿ ಜೀವಂತ ವೈರಸ್ಸೂ ಸಿಕ್ಕಿದೆ. ಮೂಗಿನ ಟೆಸ್ಟ್ ನೆಗೆಟಿವ್ ಬಂದ ಮೇಲೂ ಮಲದಲ್ಲಿ ಅದರ ಸುಳಿವು ಉಳಿದಿರಬಹುದು. ಹಾಗಾಗಿ ದಾನಿಯ ಮೂಗಿಗೆ ಕಡ್ಡಿ ಹಾಕಿ ನೋಡಿದೆವು ಅಂದರೆ ಸಾಲದು. ದಾನದ ಮಲವನ್ನು ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡುವುದರಿಂದ ವೈರಸ್ ಸಾಯುವುದೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲೇ, 2019ರ ಡಿಸೆಂಬರ್ 1ಕ್ಕೂ ಮೊದಲು ದಾನವಾದ ಮಲವನ್ನಷ್ಟೇ ಬಳಸಿ, ಆಮೇಲಿನದಾದರೆ ದಾನಿಯನ್ನು ಕೋವಿಡ್‌ಗೂ ತಪಾಸಣೆ ಮಾಡಿ ಎಂದದ್ದು ಇದಕ್ಕೇ. ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ: ಮಲ ಯಾವಾಗ ಕೊಟ್ಟದ್ದು, ಮಲವನ್ನೇ ಪರೀಕ್ಷಿಸಿದ್ದಾರೆಯೇ, ಕೊಟ್ಟ ಮೇಲೆ ಕೆಲವು ವಾರ ದಾನಿ ಚೆನ್ನಾಗಿದ್ದರೇ?

ಹಾಗಂತ ಚಿಕಿತ್ಸೆಯನ್ನೇ ಕೈಬಿಡಬೇಡಿ. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಒಂದೇ ಕಸಿಗೆ 16 ಜನರಲ್ಲಿ 13 ಮಂದಿ ಗುಣವಾದರು. ಬರೀ ವ್ಯಾಂಕೊಮೈಸಿನ್ ತೆಗೆದುಕೊಂಡ 13 ಜನರಲ್ಲಿ ನಾಲ್ವರು ಮಾತ್ರ. ಮೂರು ಸಲ ಮರುಕಳಿಸಿದವರಿಗೆ ನನ್ನ ಲೆಕ್ಕದಲ್ಲಿ ಸಿ. ಡಿಫ್ಫೇ ದೊಡ್ಡ ಅಪಾಯ. ಸರಿಯಾದ ಮಲ ಸಿಗುವವರೆಗೆ ವ್ಯಾಂಕೊಮೈಸಿನ್ ಡೋಸನ್ನು ನಿಧಾನವಾಗಿ ಇಳಿಸುತ್ತಾ ದಿನ ದೂಡಬಹುದೇ ಎಂದು ಕೇಳಿ ನೋಡಿ.

ಪ್ರಶ್ನೆ: ಥ್ಯಾಂಕ್ಸ್ ಡಾಕ್ಟ್ರೇ. ತಂಗಿ ಗಟ್ಟಿಮುಟ್ಟಾಗಿದ್ದಾಳೆ, ಅವಳದ್ದನ್ನೇ ಮನೆಯಲ್ಲಿ ಎನಿಮಾ ಕೊಟ್ಟರೆ? ಯೂಟ್ಯೂಬಿನಲ್ಲಿ ನೋಡಿದೆ.

ಉತ್ತರ: ದಯವಿಟ್ಟು ಬೇಡಮ್ಮ. 2019ರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದ್ದ ಇಬ್ಬರಿಗೆ ಒಬ್ಬನೇ ದಾನಿಯ ಮಲದಿಂದ ಔಷಧಕ್ಕೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾದ ಸೋಂಕು ತಗುಲಿ ಒಬ್ಬರು ತೀರಿಕೊಂಡರು. ಆ ದಾನಿಯೂ ಗಟ್ಟಿಮುಟ್ಟಾಗಿಯೇ ಇದ್ದ. ಅವನ ಮಲದಲ್ಲಿ ಅಂಥ ಇ. ಕೋಲಿ ಇದೆಯೇ ಎಂಬ ಒಂದು ಪರೀಕ್ಷೆ ಆಗಿರಲಿಲ್ಲ, ಅಷ್ಟೇ.

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ಕೋವಿಡ್ ಬಂದ ಮೇಲೆ ಎಲ್ಲರ ಕೈಗೂ ಸ್ಯಾನಿಟೈಸರ್ ಬಂತು. ಕೊರೊನಾಗೆ ಅದು ಸರಿ, ಸಿ. ಡಿಫ್‌ನ ಗಟ್ಟಿ ಕವಚದ ಬೀಜಾಣುಗಳಿಗೆ ಸ್ಯಾನಿಟೈಸರಿನ ಆಲ್ಕೋಹಾಲ್ ನಾಟುವುದೇ ಇಲ್ಲ. ಅಮ್ಮನ ಬಟ್ಟೆ, ಕಮೋಡ್ ಮುಟ್ಟಿದ ಮೇಲೆ ಸೋಪು ಹಚ್ಚಿ ನಲ್ಲಿ ನೀರಲ್ಲಿ ತಿಕ್ಕಿ ತೊಳೆಯಿರಿ. ಕಮೋಡಿಗೆ ಬ್ಲೀಚ್ ಹಾಕಿ.