ಅಪ್‌ಡೇಟ್: ಇಮೇಲ್ ಕೊಟ್ಟು ಹೋದವರಿಗೆ ಏನು ಬರೆಯಲಿ ಎಂದು ಕೇಳಿದ್ದೆ

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಜಿಎಸ್‌ಟಿ ಕೆಲಸ ಮಾಡಿಕೊಡುತ್ತೇನೆ. ವಿಚಾರಿಸಿ ಇಮೇಲ್ ಕೊಟ್ಟು ಹೋದ ಅಂಗಡಿಯವರು ಮತ್ತೆ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಮೊದಲು ಉಪಯೋಗಕ್ಕೆ ಬರುವುದನ್ನು ಕೊಡಿ, ಫೀಸಿನ ಮಾತು ಆಮೇಲೆ ಎಂದು ಹಲವರು ಹೇಳಿದಿರಿ. ಹಾಗೇ ಮಾಡಿದೆ.

ಇಮೇಲ್ ಕೊಟ್ಟ ದಿನವೇ ಮೊದಲ ಪತ್ರ. ನಾನು ಯಾರು, ಏನೇನು ಕಳಿಸುತ್ತೇನೆ, ಬೇಡವಾದರೆ ನಿಲ್ಲಿಸುವುದು ಹೇಗೆ, ಅಷ್ಟೇ. ಮುಂದಿನದು ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವಹಿವಾಟಿನ ಮಿತಿ: ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿತ್ತಲ್ವಾ? ಆ ಭಯ ಇನ್ನೂ ಹೋಗಿಲ್ಲ. ತಾಜಾ ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಿಲ್ಲ ಎಂದೂ ಬರೆದೆ. ನನಗೆ ಕೆಲಸ ತಪ್ಪಿದರೂ ಪರವಾಗಿಲ್ಲ, ಸುಮ್ನೆ ಹೆದರಿಸಿ ದುಡ್ಡು ಪಡೆಯುವುದು ನನಗೆ ಬೇಡ.

ಜಾಸ್ತಿ ಉತ್ತರ ಬಂದದ್ದು ಇದಕ್ಕೇ. ಕೊನೆಯಲ್ಲಿ ಒಂದೇ ಪ್ರಶ್ನೆ ಇಟ್ಟಿದ್ದೆ: ನಿಮ್ಮ ಅಂಗಡಿಯಲ್ಲಿ ಏನೇನು ಮಾರುತ್ತೀರಿ? ದೇವರಾಜ ಮಾರುಕಟ್ಟೆಯ ತರಕಾರಿ ವ್ಯಾಪಾರಿಯೊಬ್ಬರು ಉತ್ತರಿಸಿದರು. ನಿಮಗೆ ನೋಂದಣಿ ಬೇಡ ಎಂದೆ. ಮುಂದಿನ ವಾರ ಅವರು ಪಾತ್ರೆ ಅಂಗಡಿ ಇಟ್ಟಿರುವ ತಮ್ಮ ಭಾವನವರನ್ನು ಕಳಿಸಿದರು!

ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಈಗ ಎರಡು ನೆನಪೋಲೆ ಹೋಗುತ್ತವೆ, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖಿನ ಮುಂಚೆ, ತೆರಿಗೆ ಲೆಕ್ಕ ಕೊಟ್ಟು ಕಟ್ಟುವ ಜಿಎಸ್‌ಟಿಆರ್-3ಬಿಗೆ 20ರ ಮುಂಚೆ. ಫೀಸಿನ ವಿವರ ಕೇಳಿದವರಿಗೆ ಮಾತ್ರ. ಕನ್ನಡದಲ್ಲೇ ಬರೆಯಿರಿ ಎಂದವರಿಗೆ ವಿಶೇಷ ಧನ್ಯವಾದ. ಮುಂದಿನ ಪತ್ರ ಕಾಂಪೊಸಿಷನ್ ಸ್ಕೀಮ್, ಅಂದರೆ ಸಣ್ಣ ವ್ಯಾಪಾರಿಗಳು ಸರಳವಾಗಿ ತೆರಿಗೆ ಕಟ್ಟುವ ವ್ಯವಸ್ಥೆ, ಅದರ ಬಗ್ಗೆ.